ಹಾರಿದ ಗುಂಡು, ಹಾರಿಸಿದ ಗುಂಡು: ತುಮಕೂರು ಸೀಮೆಯ ಪೊಲೀಸ್ ಕೋವಿ ಮತ್ತು ಅದರ ನುಡಿ

ಕನ್ನಡದ 'ಹಾರು', 'ಹಾರಿಸು' ಎಂಬ ಕ್ರಿಯಾಪದಗಳ ನಡುವೆ ಇರುವುದು 'ಇಸು' ಎಂಬ ಒಂದು ಪ್ರತ್ಯಯದ ಅಂತರ ಮಾತ್ರ. ಆದರೆ ಪೊಲೀಸ್ ಠಾಣೆಯ ಪಂಚನಾಮೆಯಲ್ಲಿ ಆ ಪ್ರತ್ಯಯವು ಒಬ್ಬ ಮನುಷ್ಯನ ಹೊಣೆಯನ್ನೇ ನಿರ್ಧರಿಸಬಲ್ಲದು. 'ಕೋವಿ ಸ್ವಚ್ಛಗೊಳಿಸುತ್ತಿದ್ದಾಗ ಆಕಸ್ಮಿಕವಾಗಿ ಗುಂಡು ಹಾರಿತು' ಎಂಬ ವಾಕ್ಯ ಕರ್ನಾಟಕದ ಠಾಣಾ ಬರೆಹಕ್ಕೂ ವೃತ್ತಪತ್ರಿಕೆಗಳಿಗೂ ಚಿರಪರಿಚಿತವಾದುದು. ಮೌಖಿಕ ಕಾವ್ಯದ ಗಾಯಕನು ಯುದ್ಧವರ್ಣನೆ ಬಂದಾಗ ಬಳಸುವ ಸಿದ್ಧ ನುಡಿಗಟ್ಟಿನಂತೆ ಇದೂ ಸಂದರ್ಭ ಬಂದೊಡನೆ ತಾನಾಗಿ ಒದಗುತ್ತದೆ. ಈ ವಾಕ್ಯದಲ್ಲಿ ಕರ್ತೃಸ್ಥಾನದಲ್ಲಿರುವುದು ಗುಂಡೇ ಹೊರತು ಮನುಷ್ಯನಲ್ಲ.

ತುಮಕೂರು ಸೀಮೆಗೆ ಕೋವಿ ಬಂದದ್ದು ಇಂದಿನ ಪೊಲೀಸ್ ವ್ಯವಸ್ಥೆಗಿಂತ ಬಹಳ ಹಿಂದೆ. ಹಾಗಲವಾಡಿ, ಹೊಸಹಳ್ಳಿಗಳ ನಾಯಕರು ಆಳಿದ ಗುಬ್ಬಿಯ ಸುತ್ತಣ ನೆಲವೂ ಹುಲಿಯೂರುದುರ್ಗದ ಕೋಟೆಯನ್ನು ಮಡಿಲಲ್ಲಿಟ್ಟುಕೊಂಡ ಕುಣಿಗಲ್ ನಾಡೂ ಪಾಳೆಯಗಾರರ ಕಾಲದಲ್ಲಿಯೇ ಮದ್ದಿನ ವಾಸನೆ ಕಂಡವು. ತುಪಾಕಿ, ಬಂದೂಕು, ಪಿರಂಗಿ ಎಂಬ ಪದಗಳು ತುರ್ಕಿ, ಪರ್ಷಿಯನ್, ಐರೋಪ್ಯ ನಂಟುಗಳನ್ನು ಹೊತ್ತು ಬಂದರೂ ಹಳ್ಳಿಯ ಬಾಯಲ್ಲಿ ನಿಂತದ್ದು 'ಕೋವಿ' ಮತ್ತು 'ಈಡು'. ರೋಗ ವಾಸಿಮಾಡುವ ಮದ್ದು, ಕೋವಿಗೆ ತುಂಬುವ ಮದ್ದು ಎರಡಕ್ಕೂ ಒಂದೇ ಹೆಸರಿಟ್ಟ ಭಾಷೆ ಇದು. ಮೈಸೂರು ಸಂಸ್ಥಾನದಲ್ಲಿ, ವಿಶೇಷವಾಗಿ ದಿವಾನ್ ಪೂರ್ಣಯ್ಯನವರ ಆಡಳಿತದಲ್ಲಿ (1799–1811), ಊರ ಕಾವಲಿನ ಹೊಣೆಯಲ್ಲಿ ಕಂದಾಚಾರದ ಆಳುಗಳಿಗೂ ಪಾಲಿತ್ತು. ಬತ್ತಿಕೋವಿಯ ಕಾಲದಲ್ಲಿ ಅಪಾಯ ಕಣ್ಣಿಗೆ ಕಾಣುತ್ತಿತ್ತು. ಹೊತ್ತಿಕೊಂಡ ಬತ್ತಿಯನ್ನು ಕಂಡವರು ದೂರ ಸರಿಯುತ್ತಿದ್ದರು. ತೋಟಾ ತುಂಬುವ ರೈಫಲ್ ಬಂದ ಮೇಲೆ ಆ ಗುರುತು ಮರೆಯಾಯಿತು. ಖಾಲಿ ಕೋವಿಗೂ ತುಂಬಿದ ಕೋವಿಗೂ ಹೊರಗಿನಿಂದ ವ್ಯತ್ಯಾಸ ಉಳಿಯಲಿಲ್ಲ. ಪೊಲೀಸ್ ತರಬೇತಿಯ ಶಸ್ತ್ರಶಿಸ್ತು ರೂಪುಗೊಂಡಿರುವುದೇ ಈ ಮರೆಯನ್ನು ಭೇದಿಸುವುದಕ್ಕೆ.

ಹತ್ತು ತೋಟಾಗಳ ಮ್ಯಾಗಜಿನ್ನುಳ್ಳ .303 ರೈಫಲ್, ಅದನ್ನೇ ಮಾರ್ಪಡಿಸಿ ಇಷಾಪುರದ ಕಾರ್ಖಾನೆಯಲ್ಲಿ ಸಿದ್ಧಪಡಿಸಿದ ಒಂಟಿ ಈಡಿನ .410 ಮಸ್ಕೆಟ್ ಬಹುಕಾಲ ಪಾರಾ ಪೊಲೀಸರ ಹೆಗಲಲ್ಲಿದ್ದವು. ಮುಂದೆ ಎಸ್‌ಎಲ್‌ಆರ್, ಇನ್ಸಾಸ್, ಕಾರ್ಬೈನ್, 9 ಮಿ.ಮೀ. ಪಿಸ್ತೂಲುಗಳು ಬಂದವು. ಯಾವ ಆಯುಧವೇ ಆಗಲಿ, ತಪಾಸಣೆಯ ಕ್ರಮದಲ್ಲಿ ಹಿಂದುಮುಂದಾಗುವಂತಿಲ್ಲ. ಮೊದಲು ಮ್ಯಾಗಜಿನ್ ತೆಗೆಯಬೇಕು, ಅನಂತರ ಸ್ಲೈಡ್ ಎಳೆದು ಕೋಣೆಯನ್ನು ಕಣ್ಣಿನಿಂದಲೂ ಬೆರಳಿನಿಂದಲೂ ಪರೀಕ್ಷಿಸಬೇಕು. ಪಿಸ್ತೂಲಿನಲ್ಲಿ ಇದನ್ನು ತಿರುಗುಮುರುಗು ಮಾಡಿದರೆ, ಎಳೆದಾಗ ಒಂದು ತೋಟಾ ಹೊರಬಿದ್ದು ಇನ್ನೊಂದು ಒಳಸೇರುತ್ತದೆ. ಮ್ಯಾಗಜಿನ್ ಕೈಗೆ ಬಂದಿತೆಂಬ ನೆಮ್ಮದಿಯಲ್ಲಿ ಕುದುರೆ ಎಳೆದವನಿಗೆ ಗುಂಡು 'ತಾನಾಗಿ' ಹಾರಿದಂತೆ ತೋರುತ್ತದೆ. ಹಳೆಯ ಸ್ಟೆನ್‌ಗನ್ ಮಾತ್ರ ನಿಜವಾಗಿಯೂ ಈ ಅಪಕೀರ್ತಿಗೆ ಅರ್ಹವಾದುದು. ಅದು ನೆಲಕ್ಕೆ ಬಿದ್ದ ಹೊಡೆತಕ್ಕೇ ಬೋಲ್ಟ್ ಹಿಂದೆ ಸರಿದು ಮರಳಿ ನುಗ್ಗಿ ಗುಂಡು ಸಿಡಿಯುವುದುಂಟು.

ಇಲ್ಲಿ ಇನ್ನೊಂದು ಪದವನ್ನು ಗಮನಿಸಬೇಕು. ಆಯುಧಶಾಸ್ತ್ರದಲ್ಲಿ 'ಮಿಸ್‌ಫೈರ್' ಎಂದರೆ ಕುದುರೆ ಎಳೆದರೂ ಗುಂಡು ಹಾರದಿರುವುದು. ಕನ್ನಡ ಪತ್ರಿಕೆಗಳಲ್ಲಿ 'ಮಿಸ್‌ಫೈರ್ ಆಗಿ ಗಾಯ' ಎಂಬ ಶೀರ್ಷಿಕೆಯ ಅರ್ಥ ಇದಕ್ಕೆ ಪೂರ್ಣ ವಿರುದ್ಧ: ಹಾರಬಾರದಾಗ ಹಾರಿದ್ದು. ತರಬೇತಿ ಮೈದಾನದಲ್ಲಿ ಒಂದರ್ಥದಲ್ಲಿ ಕಲಿತ ಪದವನ್ನು ಪೇದೆಯು ಮರುದಿನದ ಪತ್ರಿಕೆಯಲ್ಲಿ ವಿರುದ್ಧಾರ್ಥದಲ್ಲಿ ಓದುತ್ತಾನೆ. ಯಂತ್ರವೇ ಕೈಕೊಟ್ಟಿತೆಂಬ ಧ್ವನಿ ಆ ಪದದಲ್ಲಿರುವುದರಿಂದಲೇ ಅದು ಜನಪ್ರಿಯವಾಗಿರಬಹುದು.

ಕಾನೂನು ಈ ವಿಷಯದಲ್ಲಿ ಭಾಷೆಗಿಂತ ನಿಷ್ಠುರ. 1860ರ ಭಾರತೀಯ ದಂಡಸಂಹಿತೆಯ 80ನೆಯ ಕಲಮು ಅಪಘಾತಕ್ಕೆ ವಿನಾಯಿತಿ ನೀಡುತ್ತ ಕೊಟ್ಟ ಉದಾಹರಣೆ ಕೋವಿಯದಲ್ಲ, ಕೊಡಲಿಯದು. ಕೆಲಸ ಮಾಡುವಾಗ ಕಾವಿನಿಂದ ಕಳಚಿ ಹಾರಿದ ಕೊಡಲಿ ಪಕ್ಕದವನನ್ನು ಕೊಂದರೆ, ತಕ್ಕ ಎಚ್ಚರಿಕೆ ವಹಿಸಿದ್ದ ಪಕ್ಷದಲ್ಲಿ, ಅದು ಅಪರಾಧವಲ್ಲ. ಕುಣಿಗಲ್ಲಿನ ಯಾವ ಒಕ್ಕಲಿಗನಾದರೂ ಇದನ್ನು ಕೇಳಿದೊಡನೆ ಕೇಳುವ ಪ್ರಶ್ನೆ, ಬೆಣೆ ಬಿಗಿದಿದ್ದನೇ ಎಂಬುದು. 1870ರಲ್ಲಿ ಸೇರಿದ 304ಎ ಕಲಮಿನ ತಿರುಳೂ ಆ ಪ್ರಶ್ನೆಯೇ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇವು ಕ್ರಮವಾಗಿ 18 ಮತ್ತು 106ನೆಯ ಕಲಮುಗಳಾಗಿವೆ. ನಿರ್ಲಕ್ಷ್ಯದ ಸಾವಿಗೆ ಗರಿಷ್ಠ ಶಿಕ್ಷೆ ಎರಡು ವರ್ಷದಿಂದ ಐದಕ್ಕೆ ಏರಿದೆ. ಹಾಗಿರುವಾಗ ಪಂಚನಾಮೆಯ ಮೊದಲ ಸಾಲಿನಲ್ಲಿಯೇ 'ಆಕಸ್ಮಿಕ' ಎಂದು ಬರೆಯುವುದೆಂದರೆ ವಿಚಾರಣೆಗೆ ಮೊದಲೇ ತೀರ್ಪು ಬರೆದಂತೆ. ಸತ್ತವನ ಮನೆಯವರಿಗೆ ಮುಂದೆ ಕೇಳಲು ಉಳಿಯುವುದು ಅಲ್ಪ.

ತರಬೇತಿಯ ಪರಿಧಿಯಿಂದ ಹೊರಗುಳಿದ ಆಯುಧವೊಂದಿದೆ. ಅದು ರೈತನ ಕೇಪಿನ ಕೋವಿ. ರಾಗಿ, ನೆಲಗಡಲೆ ಹೊಲಗಳಿಗೆ ನುಗ್ಗುವ ಹಂದಿಗಳನ್ನು ಬೆದರಿಸಲು ಇರಿಸಿಕೊಂಡ ಈ ಕೋವಿಗಳಿಗೆ 1959ರ ಶಸ್ತ್ರಾಸ್ತ್ರ ಕಾಯಿದೆ ಬೆಳೆರಕ್ಷಣೆಯ ಹೆಸರಿನಲ್ಲಿಯೇ ಅವಕಾಶ ಕಲ್ಪಿಸಿದೆ. ಚುನಾವಣೆ ಘೋಷಣೆಯಾದೊಡನೆ ಪರವಾನಗಿದಾರರ ಕೋವಿಗಳನ್ನು ಠಾಣೆಗಳಲ್ಲಿ ಠೇವಣಿ ಇರಿಸಿಕೊಳ್ಳುವುದು ವಾಡಿಕೆ. ಗುಬ್ಬಿಯ ಠಾಣೆಯಾಗಲಿ ಕುಣಿಗಲ್ಲಿನದಾಗಲಿ, ಅದನ್ನು ಕೈಗೆತ್ತಿಕೊಳ್ಳುವ ಪೇದೆ ಬೋಲ್ಟ್ ಎಳೆದು ನೋಡುವುದನ್ನು ಕಲಿತವನು. ಈ ಕೋವಿಗೆ ಬೋಲ್ಟೇ ಇಲ್ಲ. ಮದ್ದು, ಚಿಂದಿ, ಚೆರೆ ಬಾಯಿಯಿಂದ ಇಳಿದು ನಳಿಗೆಯ ತಳದಲ್ಲಿ ಕುಳಿತಿರುತ್ತವೆ. ಕೇಪು ತೆಗೆದ ಮಾತ್ರಕ್ಕೆ ಕೋವಿ ಖಾಲಿಯಾಗುವುದಿಲ್ಲ.

ಇದನ್ನು ತಿಳಿಯುವ ವಿಧಾನ ಬಳಸುವವರಿಗೆ ಗೊತ್ತು. ಗಜಕಡ್ಡಿಯನ್ನು ನಳಿಗೆಗೆ ಇಳಿಬಿಟ್ಟು ಬಾಯಿಯ ಬಳಿ ಬೆರಳಿಟ್ಟು ಹಿಡಿಯಬೇಕು. ಹೊರತೆಗೆದು ಅದೇ ಅಳತೆಯನ್ನು ನಳಿಗೆಯ ಹೊರಮೈಗೆ ಹಿಡಿದು ನೋಡಬೇಕು. ಕಡ್ಡಿಯ ತುದಿ ಕೇಪಿನ ಮೊಳೆಯವರೆಗೆ ಮುಟ್ಟಿದರೆ ಖಾಲಿ. ಮೂರು ನಾಲ್ಕು ಬೆರಳು ಮೊದಲೇ ನಿಂತರೆ ಒಳಗೆ ಈಡಿದೆ. 2016ರ ಶಸ್ತ್ರಾಸ್ತ್ರ ನಿಯಮಗಳು ಪರವಾನಗಿ ಬಯಸುವವರಿಗೆ ಸುರಕ್ಷತಾ ತರಬೇತಿಯನ್ನು ವಿಧಿಸಿದವು. ನಾಗರಿಕ ಬಂದೂಕು ತರಬೇತಿ ಶಿಬಿರಗಳಲ್ಲಿ ಕಲಿಸುವವರು ಪೊಲೀಸರು, ಕಲಿಯುವವರು ಊರಿನವರು. ಠೇವಣಿಯ ದಿನ ಠಾಣೆಯ ಮೇಜಿನ ಮುಂದೆ, ಒಂದು ಗಜಕಡ್ಡಿಯ ಮಟ್ಟಿಗಾದರೂ, ಈ ಸ್ಥಾನಗಳು ಅದಲುಬದಲಾಗುತ್ತವೆ.