ಘಟ್ಟದ ಕೆಳಗಿನವರಿಗೆ ಮುಂಬಯಿ ಹತ್ತಿರವಾದ ಬಗೆ

ಕರಾವಳಿಯ ಕನ್ನಡಿಗರ ಮನೆಗಳಲ್ಲಿ, ಮುಂಬಯಿಯಲ್ಲೇ ಹುಟ್ಟಿ ಬೆಳೆದ ಮಕ್ಕಳು ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆಯೊಂದಿದೆ. ನಮ್ಮ ಅಜ್ಜಂದಿರು ಕೆಲಸ ಹುಡುಕಿಕೊಂಡು ಹೊರಟಾಗ ಬೆಂಗಳೂರಿಗೆ ಹೋಗುವುದನ್ನು ಬಿಟ್ಟು ಇಷ್ಟು ದೂರ ಏಕೆ ಬಂದರು? ಪ್ರಶ್ನೆ ನ್ಯಾಯವಾದದ್ದೇ. ಮಂಗಳೂರಿನಿಂದ ಬೆಂಗಳೂರಿಗೆ ಸುಮಾರು 350 ಕಿಲೋಮೀಟರು. ಮುಂಬಯಿಗೆ ಅದರ ಎರಡೂವರೆ ಪಟ್ಟು. ಬಡತನ, ಹೋಟೆಲು, ಗಿರಣಿ, ಗುರುತಿನವರ ಆಸರೆ ಎಂದು ನಾವು ಸಾಮಾನ್ಯವಾಗಿ ಉತ್ತರ ಹೇಳಿಬಿಡುತ್ತೇವೆ. ಅದೆಲ್ಲ ನಿಜ. ಆದರೆ ಅದಕ್ಕೂ ಹಿಂದಿನ ಉತ್ತರ ನೆಲದಲ್ಲಿದೆ. ದೂರವನ್ನು ಮೈಲಿಗಳಲ್ಲಿ ಅಳೆಯುವ ಅಭ್ಯಾಸ ನಮಗೆ ಈಚೆಗೆ ಬಂದದ್ದು. ಹಿಂದಿನವರು ಅಳೆದದ್ದು ದಾರಿ ಇದೆಯೋ ಇಲ್ಲವೋ ಎಂಬುದರಿಂದ.

ಕರ್ನಾಟಕದ ನಕಾಶೆಯ ಪಶ್ಚಿಮದ ಅಂಚಿನಲ್ಲಿ ಸುಮಾರು 320 ಕಿಲೋಮೀಟರು ಉದ್ದದ ಕಡಲ ತೀರ. ಅದರ ಬೆನ್ನಿಗೆ ಸಹ್ಯಾದ್ರಿ. ಈ ಬೆಟ್ಟಸಾಲು ಪೂರ್ವದಿಂದ ನೋಡಿದರೆ ಅಂಥ ದೊಡ್ಡದೆನಿಸುವುದಿಲ್ಲ. ಬಯಲು ಮೆಲ್ಲಗೆ ಏರುತ್ತ ಏರುತ್ತ ಮಲೆನಾಡಾಗುತ್ತದೆ, ಅಷ್ಟೆ. ಪಶ್ಚಿಮದಿಂದ ನೋಡಿದರೆ ಅದು ಗೋಡೆ. ಶರಾವತಿ ಜೋಗದಲ್ಲಿ 253 ಮೀಟರು ಒಮ್ಮೆಗೇ ಧುಮುಕುವುದು ಈ ಗೋಡೆಯಿಂದಲೇ. ಗಂಗಾಮೂಲದ ಕಾಡಿನಲ್ಲಿ ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟುತ್ತವೆ ಎಂಬುದು ಹಿಂದಿನಿಂದ ಬಂದ ನಂಬಿಕೆ. ನೇತ್ರಾವತಿ ಪಶ್ಚಿಮಕ್ಕೆ ಇಳಿದು ಮಂಗಳೂರಿನಲ್ಲಿ ಕಡಲು ಸೇರುತ್ತಾಳೆ. ತುಂಗೆ ಭದ್ರೆಯರು ಕೂಡ್ಲಿಯಲ್ಲಿ ಒಂದಾಗಿ, ಕೃಷ್ಣೆಯನ್ನು ಕೂಡಿ, ಇಡೀ ದಖ್ಖನ್ನನ್ನು ದಾಟಿ ಬಂಗಾಳ ಕೊಲ್ಲಿಗೆ ಹೋಗುತ್ತಾರೆ. ಒಂದೇ ಮಳೆಯ ನೀರಿಗೇ ಘಟ್ಟ ಹೀಗೆ ಪಾಲು ಮಾಡುವಾಗ ಮನುಷ್ಯರ ದಾರಿ ಬೇರೆಯಾದದ್ದರಲ್ಲಿ ಆಶ್ಚರ್ಯವಿಲ್ಲ. 'ಘಟ್ಟದ ಮೇಲಿನವರು', 'ಘಟ್ಟದ ಕೆಳಗಿನವರು' ಎಂಬ ಮಾತು ಸುಮ್ಮನೆ ಹುಟ್ಟಿದ್ದಲ್ಲ.

ಘಟ್ಟಕ್ಕೆ ದಾರಿಯೇ ಇರಲಿಲ್ಲವೆಂದಲ್ಲ. ಹೇರೆತ್ತುಗಳ ಮೇಲೆ ಉಪ್ಪು ಮೇಲಕ್ಕೆ ಹೋಗುತ್ತಿತ್ತು, ಧಾನ್ಯ ಕೆಳಕ್ಕೆ ಬರುತ್ತಿತ್ತು. ಲಂಬಾಣಿಗಳ ಹಿಂಡು ಹಿಂಡು ಎತ್ತುಗಳು ಈ ಕಣಿವೆಗಳನ್ನು ಹತ್ತಿ ಇಳಿದವು. ದಂಡೂ ಇಳಿದದ್ದುಂಟು. 1837ರಲ್ಲಿ ಕೊಡಗು-ಸುಳ್ಯದ ಕಡೆಯಿಂದ ಎದ್ದ ರೈತರ ಪಡೆ ಪುತ್ತೂರು, ಬಂಟವಾಳಗಳ ಮೇಲೆ ಹಾದು ಮಂಗಳೂರನ್ನೇ ಕೆಲವು ದಿನ ಹಿಡಿದುಕೊಂಡಿತ್ತು. ಆದರೆ ಎತ್ತು ಹೋಗುವ ದಾರಿ ಬೇರೆ, ಗಾಡಿ ಹೋಗುವ ದಾರಿ ಬೇರೆ. ಮಳೆಗಾಲದ ನಾಲ್ಕು ತಿಂಗಳಂತೂ ಎರಡೂ ಇಲ್ಲ. ಇಂದಿಗೂ 14 ತಿರುವುಗಳ ಆಗುಂಬೆ ಘಾಟಿಯಲ್ಲಿ ಭಾರೀ ವಾಹನಗಳನ್ನು ಬಿಡುವುದಿಲ್ಲ.

ಕರಾವಳಿಯ ಉದ್ದಕ್ಕೆ ಹೋಗೋಣವೆಂದರೂ ಸುಲಭವಿರಲಿಲ್ಲ. ಮಂಗಳೂರಿನಿಂದ ಕಾರವಾರದವರೆಗೆ ನೇತ್ರಾವತಿ, ಫಲ್ಗುಣಿ, ಸ್ವರ್ಣೆ, ಸೀತೆ, ಗಂಗೊಳ್ಳಿಯ ಐದು ಹೊಳೆಗಳು, ಶರಾವತಿ, ಅಘನಾಶಿನಿ, ಗಂಗಾವಳಿ, ಕಾಳಿ. ಹೊಳೆಯೊಂದಕ್ಕೆ ಒಂದು ಕಡವು. ಉತ್ತರ ಕನ್ನಡದವರು ಅದನ್ನೇ ತಾರಿ ಎನ್ನುತ್ತಾರೆ. ದೋಣಿಗೆ ಕಾಯುವುದು, ಅಂಬಿಗನನ್ನು ಕೂಗುವುದು, ದಾಟಿ ಮತ್ತೆ ನಡೆಯುವುದು. ಇಂಥ ನಾಡಿನಲ್ಲಿ ಅಡೆತಡೆಯಿಲ್ಲದ ರಾಜಮಾರ್ಗ ಒಂದೇ, ಅದು ಕಡಲು. ಬೇಸಗೆಯ ಕಡಲು.

ಪತ್ತೇಮಾರಿ, ಮಂಜಿ, ಮಚವೆಗಳು ಶತಮಾನಗಳಿಂದ ಓಡಾಡುತ್ತಿದ್ದ ಈ ಹಾದಿಗೆ ಹತ್ತೊಂಬತ್ತನೆಯ ಶತಮಾನದಲ್ಲಿ ಹೊಗೆಹಡಗು ಬಂತು. ನಮ್ಮ ಹಿರಿಯರ ಬಾಯಲ್ಲಿ ಅದು ಆಗಬೋಟು. ಹಡಗು ಬಂದರಿನಿಂದ ದೂರ ಆಳ ನೀರಿನಲ್ಲಿ ನಿಲ್ಲುವುದು, ಜನ ಪೆಟ್ಟಿಗೆ ಗಂಟುಗಳೊಡನೆ ಸಣ್ಣ ದೋಣಿಗಳಲ್ಲಿ ಹೋಗಿ ಹತ್ತುವುದು, ಡೆಕ್ಕಿನ ಮೇಲೆ ಚಾಪೆ ಹಾಸಿ ಮಲಗುವುದು: ಇದನ್ನು ಕೇಳದೆ ಬೆಳೆದ ಹಳೆಯ ಮುಂಬಯಿ ಕನ್ನಡಿಗರಿಲ್ಲ. ಮಳೆಗಾಲದಲ್ಲಿ ಆ ಹಾದಿಯೂ ಬಂದ್. ಶ್ರಾವಣದ ನೂಲ ಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಅರ್ಪಿಸಿದ ಮೇಲೆಯೇ ದೋಣಿ ಇಳಿಯುವುದು. ಮುಂಬಯಿಯ ಕೋಳಿಗಳು ಅದೇ ದಿನ ನಾರಳಿ ಪೂರ್ಣಿಮೆ ಮಾಡುತ್ತಾರೆ. ಒಂದೇ ಕಡಲಿನ ಮಕ್ಕಳಿಗೆ ಒಂದೇ ಹಬ್ಬ, ಹೆಸರು ಮಾತ್ರ ಎರಡು.

ಹಡಗಿನಲ್ಲಿ ಜನರಷ್ಟೇ ಬಂದದ್ದಲ್ಲ. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ನೇತ್ರಾವತಿಯ ಮಣ್ಣು ಹಂಚಾಗಿ ಸಮುದ್ರಮಾರ್ಗದಿಂದ ಮುಂಬಯಿಯ ಮಾಡುಗಳನ್ನು ಏರಿತು.

ಇನ್ನು ಆಳುವವರ ಲೆಕ್ಕಾಚಾರ. ಧಾರವಾಡ ಸೀಮೆಯ ಹತ್ತಿ ಘಟ್ಟವಿಳಿದು ಕುಮಟೆಯ ಬಂದರಿನಿಂದ ಹೋಗುತ್ತಿತ್ತು. ಇಂಗ್ಲೆಂಡಿನ ಪೇಟೆಯಲ್ಲಿ ಆ ಹತ್ತಿಗೆ ಕುಮಟೆಯದೇ ಹೆಸರು. ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿಯ ಹತ್ತಿ ನಿಂತಾಗ ಮುಂಬಯಿಯ ವ್ಯಾಪಾರಿಗಳಿಗೆ ಈ ತೀರದಲ್ಲಿ ಒಳ್ಳೆಯ ಬಂದರು ಬೇಕೆನಿಸಿತು. ಉತ್ತರ ಕನ್ನಡವನ್ನು 1862ರಲ್ಲಿ ಮದ್ರಾಸಿನಿಂದ ಕಿತ್ತು ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳಿಯಿತು. ಘಟ್ಟದ ಮೇಲೆ ಮೈಸೂರು ಬೇರೆಯೇ ಒಂದು ಸಂಸ್ಥಾನ. ಹೀಗೆ 1956ರ ನವೆಂಬರ್ 1ರವರೆಗೆ ಕಾರವಾರದವರಿಗೆ ಸರ್ಕಾರ, ಹೈಕೋರ್ಟು ಎಲ್ಲವೂ ಮುಂಬಯಿ, ಮಂಗಳೂರಿನವರಿಗೆ ಮದ್ರಾಸು. ಇಬ್ಬರಲ್ಲಿ ಯಾರಿಗೂ ಬೆಂಗಳೂರು ರಾಜಧಾನಿಯಾಗಿರಲಿಲ್ಲ. ಇಂದಿನ ಮಕ್ಕಳ ಪ್ರಶ್ನೆಯಲ್ಲಿ ಮರೆತುಹೋಗುವ ಸಂಗತಿ ಇದೇ.

ಕಾರವಾರ ದೊಡ್ಡ ಬಂದರಾಗುವ ಕನಸು ಏನಾಯಿತು? ಹುಬ್ಬಳ್ಳಿಯಿಂದ ಅಲ್ಲಿಗೆ ರೈಲು ಬಂದಿದ್ದರೆ ಆಗುತ್ತಿತ್ತೇನೋ. ಆದರೆ ಬ್ರಿಟಿಷರಿಗೂ ಪೋರ್ತುಗೀಜರಿಗೂ 1878ರಲ್ಲಿ ಒಪ್ಪಂದವಾಗಿ, ರೈಲು ಕ್ಯಾಸಲ್ ರಾಕಿನ ಮೇಲೆ ದೂಧಸಾಗರದ ಪಕ್ಕದಲ್ಲಿ ಗೋವೆಯ ಮುರ್ಗಾಂವ್ ಬಂದರಿಗೆ ಇಳಿಯಿತು. 1888ರಲ್ಲಿ ಆ ಮಾರ್ಗ ಪೂರ್ಣವಾಯಿತು. ಹತ್ತಿ ಆ ಕಡೆ ಹೊರಳಿತು, ಕುಮಟೆ-ಕಾರವಾರಗಳು ಸೊರಗಿದವು. ಹತ್ತಿ ಹೋದ ಮೇಲೆ ಮಕ್ಕಳು ಹೊರಟರು ಎಂದರೆ ಅತಿಶಯೋಕ್ತಿಯಾದೀತು. ಆದರೆ ಊರಿನಲ್ಲಿ ವ್ಯಾಪಾರ ಕುಗ್ಗಿದರೆ ಓದಿದ ಹುಡುಗರು ಎಲ್ಲಿಗೆ ಹೋಗಬೇಕು?

ದಕ್ಷಿಣದ ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಅದು ಬಂದ ದಾರಿಯನ್ನು ನೋಡಿದರೆ ಘಟ್ಟದ ಗೋಡೆ ಎಷ್ಟು ಗಟ್ಟಿ ಎಂಬುದು ತಿಳಿಯುತ್ತದೆ. ಸಹ್ಯಾದ್ರಿಯ ಸಾಲಿನಲ್ಲಿ ನಿಜವಾದ ದೊಡ್ಡ ಬಾಗಿಲು ಇರುವುದು ಪಾಲಕ್ಕಾಡಿನಲ್ಲಿ. ಮದ್ರಾಸಿನ ರೈಲು ಆ ಬಾಗಿಲಿನಿಂದ ಮಲಬಾರಿಗೆ ನುಗ್ಗಿ, ಷೊರನೂರಿನಿಂದ ಉತ್ತರಕ್ಕೆ ತಿರುಗಿ, ಕಡಲ ದಂಡೆ ಹಿಡಿದು ಮಂಗಳೂರು ಮುಟ್ಟಿತು. ಅದಾದ ಮೇಲೂ ಮಂಗಳೂರಿನಿಂದ ಮುಂಬಯಿಗೆ ರೈಲಿನಲ್ಲೇ ಬರುವವರು ಷೊರನೂರು, ಪಾಲಕ್ಕಾಡು, ಸೇಲಂ, ಜೋಲಾರಪೇಟೆ, ಗುಂತಕಲ್ಲು, ರಾಯಚೂರು, ಸೊಲ್ಲಾಪುರ, ಪುಣೆ ಎಂದು ಅರ್ಧ ದಕ್ಷಿಣ ಭಾರತವನ್ನು ಪ್ರದಕ್ಷಿಣೆ ಹಾಕಬೇಕಾಗಿತ್ತು. ಯಾರಿಗೆ ಬೇಕು ಈ ತೀರ್ಥಯಾತ್ರೆ? ಆಗಬೋಟೇ ವಾಸಿ.

ಮುಂಬಯಿಯಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ ಹುಟ್ಟಿದ್ದು 1902ರಲ್ಲಿ. ಸಾರಸ್ವತರ ಶಾಮರಾವ್ ವಿಠಲ ಸಹಕಾರಿ ಬ್ಯಾಂಕು ಹುಟ್ಟಿದ್ದು 1906ರಲ್ಲಿ. ಈ ಎರಡು ಇಸವಿಗಳನ್ನು 1907ರ ಪಕ್ಕದಲ್ಲಿಟ್ಟು ನೋಡಬೇಕು. ಮಂಗಳೂರಿಗೆ ರೈಲಿನ ಸಿಳ್ಳು ಕೇಳಿಸುವ ಮೊದಲೇ ನಮ್ಮವರು ಇಲ್ಲಿ ಬಂದು, ನೆಲೆನಿಂತು, ಸಂಘ ಕಟ್ಟಿ, ಬ್ಯಾಂಕು ಕಟ್ಟಿದ್ದರು. ಇಷ್ಟು ಜನ ಬಂದದ್ದು ಮುಖ್ಯವಾಗಿ ನೀರಿನ ಮೇಲೆಯೇ ಅಲ್ಲದೆ ಬೇರೆ ಹೇಗೆ? ಮುಂದೆ ಬಂದ ಹೋಟೆಲು ಹುಡುಗರು, ರಾತ್ರಿಶಾಲೆಯ ವಿದ್ಯಾರ್ಥಿಗಳು ಇವರ ಬೆನ್ನು ಹಿಡಿದು ಬಂದವರು.

ಘಟ್ಟದ ಮೇಲಿನ ಬೆಳಗಾವಿ, ಧಾರವಾಡ, ಬಿಜಾಪುರದವರ ಕಥೆ ಬೇರೆ. ಅವರೂ 1956ರವರೆಗೆ ಮುಂಬಯಿ ಪ್ರಾಂತದವರೇ. ಅವರಿಗೆ ರೈಲಿತ್ತು, ಮೀರಜಿನಲ್ಲಿ ಸಣ್ಣ ಗಾಡಿಯಿಂದ ದೊಡ್ಡ ಗಾಡಿಗೆ ಸಾಮಾನು ಹೊತ್ತು ಓಡುವ ಫಜೀತಿಯೂ ಇತ್ತು. ಅದನ್ನು ಅವರೇ ಬರೆಯಬೇಕು.

ರಾಜ್ಯ ಒಂದಾದ ಮೇಲೆ ಕರಾವಳಿಯನ್ನು ರಾಜಧಾನಿಗೆ ಜೋಡಿಸುವ ಕೆಲಸ ಶುರುವಾಯಿತು. ಪಣಂಬೂರಿನ ಹೊಸ ಬಂದರು 1974ರಲ್ಲಿ ದೇಶದ ದೊಡ್ಡ ಬಂದರುಗಳ ಸಾಲಿಗೆ ಸೇರಿತು. ಹಾಸನ-ಮಂಗಳೂರು ರೈಲು 1979ರಲ್ಲಿ ಓಡಿತು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿನವರೆಗಿನ ಸುಮಾರು 55 ಕಿಲೋಮೀಟರಿನಲ್ಲಿ 57 ಸುರಂಗಗಳು, ನೂರಕ್ಕೂ ಮಿಕ್ಕಿ ಸೇತುವೆಗಳು. ಐವತ್ತು ಅಡಿ ಹೋದರೆ ಒಂದಡಿ ಏರು. ಗೋಡೆಗೆ ಕೊನೆಗೂ ಕಿಂಡಿ ಬಿತ್ತು ಎನ್ನುವಷ್ಟರಲ್ಲಿ, ದೊಡ್ಡ ಹಳಿ ಹಾಕಲೆಂದು 1996ರಲ್ಲಿ ಅದನ್ನು ಮುಚ್ಚಿದರು. ಪ್ರಯಾಣಿಕರ ಗಾಡಿ ಮತ್ತೆ ಘಟ್ಟ ಹತ್ತಿದ್ದು 2007ರ ಡಿಸೆಂಬರಿನಲ್ಲಿ.

ಈ ನಡುವೆ ಕಡಲ ದಂಡೆಯಲ್ಲಿ ಇನ್ನೊಂದು ಕೆಲಸ ನಡೆದಿತ್ತು. ಮಂಗಳೂರಿನವರೇ ಆದ ಜಾರ್ಜ್ ಫರ್ನಾಂಡಿಸರು ರೈಲ್ವೆ ಮಂತ್ರಿಯಾಗಿದ್ದಾಗ ಚಾಲನೆ ಪಡೆದು, ಇ. ಶ್ರೀಧರನ್ನರ ನೇತೃತ್ವದಲ್ಲಿ ಕಟ್ಟಿದ ಕೊಂಕಣ ರೈಲು, ರೋಹಾದಿಂದ ಮಂಗಳೂರಿನ ಬಳಿಯ ತೋಕೂರಿನವರೆಗೆ, 1998ರ ಜನವರಿ 26ರಂದು ಲೋಕಾರ್ಪಣೆಯಾಯಿತು. ಒಂದು ಕಾಲದಲ್ಲಿ ಅಂಬಿಗನನ್ನು ಕೂಗುತ್ತಿದ್ದ ಹೊನ್ನಾವರದ ಶರಾವತಿಯ ಮೇಲೆ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ನಿಂತಿತು. ಆ ಮಾರ್ಗದಲ್ಲೇ ಅತಿ ಉದ್ದದ್ದು. ಮುಂಬಯಿ-ಮಂಗಳೂರು ಗಾಡಿಗೆ ಮತ್ಸ್ಯಗಂಧಾ ಎಂದು ಹೆಸರಿಟ್ಟವರು ಯಾರೋ, ಅವರಿಗೆ ನಮ್ಮ ನಮಸ್ಕಾರ. ಮೊಗವೀರರ ಊರುಗಳ ಮೇಲೆ ಹಾಯುವ ಗಾಡಿಗೆ ಇದಕ್ಕಿಂತ ಒಪ್ಪುವ ಹೆಸರಿಲ್ಲ.

ವಿಧಿವಿಲಾಸವೆಂದರೆ, ರಾಜ್ಯ ಒಂದಾಗಿ ನಾಲ್ಕು ದಶಕ ಕಳೆದ ಮೇಲೂ, 1998ರಿಂದ 2007ರವರೆಗಿನ ಆ ಸುಮಾರು ಹತ್ತು ವರ್ಷ, ಮಂಗಳೂರಿನಿಂದ ಮುಂಬಯಿಗೆ ನೇರ ರೈಲಿತ್ತು. ತನ್ನದೇ ರಾಜಧಾನಿಗೆ ಘಟ್ಟದ ಮೇಲೆ ಪ್ರಯಾಣಿಕರ ರೈಲಿರಲಿಲ್ಲ! ಅಜ್ಜನ ಕಾಲದ ಲೆಕ್ಕ ಮೊಮ್ಮಗನ ಕಾಲಕ್ಕೂ ಹಾಗೆಯೇ ಉಳಿದಿತ್ತು. ಕಾರವಾರದ ಕಡೆಯ ಲೆಕ್ಕವಂತೂ ಇನ್ನೂ ತೀರಿಲ್ಲ. 1990ರ ದಶಕದಲ್ಲಿ ಮಂಜೂರಾದ ಹುಬ್ಬಳ್ಳಿ-ಅಂಕೋಲಾ ಮಾರ್ಗ ಕಾಡಿನ ಪ್ರಶ್ನೆಯಲ್ಲಿ, ಕೋರ್ಟಿನಲ್ಲಿ ಸಿಕ್ಕಿಕೊಂಡು ಘಟ್ಟ ಇಳಿಯದೆ ನಿಂತಿದೆ. ಕಾಡು ಉಳಿಯಬೇಕೆನ್ನುವವರ ಮಾತನ್ನು ತಳ್ಳಿಹಾಕುವ ಧೈರ್ಯ ನಮಗಿಲ್ಲ.

ಏಕೆಂದರೆ ಕಡಿದ ಗುಡ್ಡ ಸುಮ್ಮನಿರುವುದಿಲ್ಲ. 2024ರ ಜುಲೈಯಲ್ಲಿ ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಯ ಮೇಲೆಯೇ ಗುಡ್ಡ ಕುಸಿದು ಹಲವರು ಪ್ರಾಣ ಕಳೆದುಕೊಂಡರು. ಅದೇ ತಿಂಗಳ ಕೊನೆಯಲ್ಲಿ ಸಕಲೇಶಪುರದ ಘಟ್ಟದಲ್ಲಿ ಹಳಿಯ ಬುಡದ ಮಣ್ಣು ಜಾರಿ ಬೆಂಗಳೂರಿನ ರೈಲು ನಿಂತಿತು. ಆಗಸ್ಟ್ 7ರ ಮಧ್ಯರಾತ್ರಿಯ ವೇಳೆಗೆ ಕಾರವಾರದಲ್ಲಿ ಕಾಳಿಯ ಮೇಲಿನ ಹಳೆಯ ಸೇತುವೆ ಮುರಿದು ಬಿತ್ತು. ತಾರಿಯ ಕಾಲ ಮುಗಿಯಿತು ಎಂದು 1983ರಲ್ಲಿ ಕಟ್ಟಿದ ಸೇತುವೆ ಅದು. ಜೊತೆಗೆ ಒಂದು ಲಾರಿಯೂ ಹೊಳೆಗೆ ಬಿತ್ತು. ಅದರ ಚಾಲಕ ಬದುಕಿ ಉಳಿದ. ಕತ್ತಲಲ್ಲಿ ಅವನನ್ನು ದಡ ಸೇರಿಸಲು ನೆರವಾದವರು ಅಲ್ಲಿಯ ಮೀನುಗಾರರು.