ಹಳೆ ಪಹಣಿ, ಹಳೆ ಕಮಾಂಡು

ಔರಾದ ತಾಲೂಕಿನ ಹಳ್ಳಿಯೊಂದರಲ್ಲಿ ನಮ್ಮ ಪರಿಚಯದ ಹುಡುಗನೊಬ್ಬ ಹಳೆ ಕಂಪ್ಯೂಟರಿಗೆ ಡೆಬಿಯನ್ ಹಾಕಿಕೊಂಡಿದ್ದ. ಅದು ದುಡ್ಡು ಕೊಡದೆ ಸಿಗುವ ಲಿನಕ್ಸ್ ಆಪರೇಟಿಂಗ್ ಸಿಸ್ಟಂ. ಎಲ್ಲ ಸರಿಯಿತ್ತು, ನೆಟ್ ಮಾತ್ರ ಬರಲಿಲ್ಲ. ಡಿಪ್ಲೊಮಾ ಓದಿದ ಅಣ್ಣನ ನೋಟ್ಸ್ ತೆಗೆದು, ಅದರಲ್ಲಿದ್ದಂತೆ 'ಇಫ್‌ಕಾನ್ಫಿಗ್' ಎಂದು ಟೈಪ್ ಮಾಡಿದ. ಅಂಥ ಕಮಾಂಡೇ ಇಲ್ಲ ಅಂದಿತು ಕಂಪ್ಯೂಟರು. ಕೆಟ್ಟಿದೆ ಎಂದುಕೊಂಡು ಬಸ್ಸಿನಲ್ಲಿ ಭಾಲ್ಕಿಗೆ ಹೊತ್ತು ತಂದ. ಅಂಗಡಿಯವರು ಎಲ್ಲ ಅಳಿಸಿ ಹೊಸದಾಗಿ ಹಾಕೋಣ ಅಂದರು.

ಕಂಪ್ಯೂಟರ್ ಕೆಟ್ಟಿರಲಿಲ್ಲ. ನೋಟ್ಸ್ ಹಳೆಯದಾಗಿತ್ತು. ಅದು ಹೇಗೆ ಹಳೆಯದಾಯಿತು ಎಂದು ಹುಡುಕುತ್ತ ಹೋದಾಗ ನಮಗೆ ಸಿಕ್ಕ ಕಥೆ ಇದು.

ಕಂಪ್ಯೂಟರಿನಿಂದ ನೆಟ್‌ವರ್ಕಿಗೆ ಹೋಗಲು ಒಂದು ಬಾಗಿಲು ಇರುತ್ತದೆ. ಆ ಬಾಗಿಲು ತೆರೆದಿದೆಯೇ, ಅದರ ವಿಳಾಸ ಏನು ಎಂದು ನೋಡಲು, ಬದಲಿಸಲು ಇದ್ದದ್ದೇ ಇಫ್‌ಕಾನ್ಫಿಗ್. 1983ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯ ಹೊರತಂದ ಬಿಎಸ್‌ಡಿ 4.2 ಎಂಬ ಯುನಿಕ್ಸ್ ಜತೆ ಅದು ಬಂತು. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ಶುರು ಮಾಡಿದರು. ಕೆಲವೇ ವರ್ಷಗಳಲ್ಲಿ ಫ್ರೆಡ್ ವಾನ್ ಕೆಂಪೆನ್ ಅವರ ಕೆಲಸದಿಂದ ಅದೇ ಹೆಸರಿನ ಕಮಾಂಡು ಲಿನಕ್ಸಿಗೂ ಬಂತು. ಇಫ್‌ಕಾನ್ಫಿಗ್, ರೂಟ್, ಆರ್ಪ್, ನೆಟ್‌ಸ್ಟಾಟ್ ಎಲ್ಲ ಸೇರಿದ ಆ ಗಂಟಿಗೆ 'ನೆಟ್ ಟೂಲ್ಸ್' ಎಂದು ಹೆಸರು. ಒಂದು ಇಡೀ ಪೀಳಿಗೆ ಇದನ್ನೇ ಕಲಿತಿತು.

ತೊಂದರೆ ಶುರುವಾದದ್ದು 1999ರಲ್ಲಿ. ಆ ವರ್ಷ ಬಂದ ಲಿನಕ್ಸ್ ಕರ್ನಲ್ 2.2ರಲ್ಲಿ ನೆಟ್‌ವರ್ಕಿನ ಭಾಗವನ್ನು ಬುಡದಿಂದಲೇ ಬದಲಿಸಿದ್ದರು. ರಷ್ಯಾದ ಅಲೆಕ್ಸಿ ಕುಜ್ನೆಟ್ಸೊವ್ ಹೊಸ ವ್ಯವಸ್ಥೆಗೆ ತಕ್ಕಂತೆ 'ಐಪಿರೂಟ್ 2' ಎಂಬ ಹೊಸ ಸಲಕರಣೆ ಬರೆದರು. ಅದರ ಮುಖ್ಯ ಕಮಾಂಡಿನ ಹೆಸರು ಬರೀ 'ಐಪಿ'.

ನಮ್ಮ ಕಡೆ ಪಹಣಿ ನೋಡಿದವರಿಗೆ ಈ ತೊಂದರೆ ಸುಲಭವಾಗಿ ತಿಳಿಯುತ್ತದೆ. ಒಂದು ಸರ್ವೆ ನಂಬರಿನಲ್ಲಿ ನಾಲ್ಕು ಹಿಸ್ಸಾ ಆಗಿವೆ, ಪುಸ್ತಕದಲ್ಲಿ ಮಾತ್ರ ಒಬ್ಬನ ಹೆಸರಿಗೇ ಜಾಗ ಇದೆ ಅಂದುಕೊಳ್ಳಿ. ಹೊಸ ಕರ್ನಲ್‌ನಲ್ಲಿ ಒಂದೇ ಬಾಗಿಲಿಗೆ ಎಷ್ಟು ವಿಳಾಸ ಬೇಕಾದರೂ ಕೊಡಬಹುದಿತ್ತು. ಇಫ್‌ಕಾನ್ಫಿಗ್ ಲೆಕ್ಕದಲ್ಲಿ ಬಾಗಿಲಿಗೆ ಒಂದೇ ವಿಳಾಸ. ಎರಡನೆಯದು ಬೇಕೆಂದರೆ ಸುಳ್ಳು ಬಾಗಿಲೊಂದನ್ನು ಸೃಷ್ಟಿಸಬೇಕು. ಹೊಸ ಕಮಾಂಡಿನಿಂದ ಸೇರಿಸಿದ ಎರಡನೇ ವಿಳಾಸವನ್ನು ಎಷ್ಟೋ ಸಲ ಅದು ತೋರಿಸುತ್ತಲೇ ಇರಲಿಲ್ಲ, ತಪ್ಪು ಎಂದೂ ಹೇಳುತ್ತಿರಲಿಲ್ಲ. ನೋಡಿದವರು ಅಷ್ಟೇ ನಿಜ ಅಂದುಕೊಳ್ಳುತ್ತಿದ್ದರು. ನಮ್ಮ ದೃಷ್ಟಿಯಲ್ಲಿ ಅದನ್ನು ಬಿಡಬೇಕಾದ ನಿಜವಾದ ಕಾರಣ ಇದು.

ಆದರೂ ಜನ ಬಿಡಲಿಲ್ಲ. 2001ರಲ್ಲಿ ಬಂದ 1.60 ಆವೃತ್ತಿಯ ನಂತರ ನೆಟ್ ಟೂಲ್ಸಿಗೆ ವರ್ಷಗಟ್ಟಲೆ ಹೊಸ ಆವೃತ್ತಿ ಬರಲಿಲ್ಲ, ಆದರೂ ಎಲ್ಲರ ಬೆರಳು ಅದನ್ನೇ ಟೈಪ್ ಮಾಡುತ್ತಿತ್ತು. ಇಫ್‌ಕಾನ್ಫಿಗ್ ಉತ್ತರವನ್ನು ಅಕ್ಷರ ಅಕ್ಷರ ಓದಿ ಕೆಲಸ ಮಾಡುವ ಸಾವಿರಾರು ಸ್ಕ್ರಿಪ್ಟುಗಳೂ ಇದ್ದವು. ಮುಂದೆ ಅದರ ಉತ್ತರದ ರೂಪ ಸ್ವಲ್ಪ ಬದಲಾದಾಗ ಅವುಗಳಲ್ಲಿ ಎಷ್ಟೋ ಕೆಟ್ಟು ಕೂತವು.

ನಿಧಾನವಾಗಿಯೇ ಹೊರಗೆ ಕಳಿಸಿದರು. ಡೆಬಿಯನ್ ಸ್ವಯಂಸೇವಕರಲ್ಲಿ 2009ರಲ್ಲೇ ಮಾತು ಎದ್ದಿತ್ತು. 2014ರ ರೆಡ್ ಹ್ಯಾಟ್ 7ರ ಕನಿಷ್ಠ ಇನ್‌ಸ್ಟಾಲಿನಲ್ಲಿ ಇಫ್‌ಕಾನ್ಫಿಗ್ ಇರಲಿಲ್ಲ. 2017ರ ಜೂನ್‌ನಲ್ಲಿ ಬಂದ ಡೆಬಿಯನ್ 9ರಿಂದ ಅದು ತಾನಾಗಿ ಬರುವುದು ನಿಂತಿತು. ಅಳಿಸಿ ಹಾಕಲಿಲ್ಲ, ಬೇಕಾದವರು ನೆಟ್‌ನಿಂದ ಇಳಿಸಿಕೊಳ್ಳಬಹುದು. ನೆಟ್ ಸರಿಮಾಡುವ ಸಲಕರಣೆಯನ್ನು ನೆಟ್‌ನಿಂದಲೇ ಇಳಿಸಿಕೊಳ್ಳಿ ಅಂದರೆ ಔರಾದದ ಹುಡುಗ ಏನು ಮಾಡಬೇಕು? ಹೊಸ ಕಮಾಂಡು ಅವನ ಕಂಪ್ಯೂಟರಿನಲ್ಲಿ ಆಗಲೇ ಇತ್ತು ನಿಜ. ಅದನ್ನು ಅವನಿಗೆ ಯಾರೂ ಹೇಳಿರಲಿಲ್ಲ.

ನಮ್ಮ ರಾಜ್ಯದಲ್ಲಿ ಹಳೆಯದನ್ನು ತೆಗೆದ ಇನ್ನೊಂದು ರೀತಿ ನೋಡಿ. ನಿಜಾಮರ ಕಾಲದಲ್ಲಿ ಬೀದರದ ಕಂದಾಯದ ಕಾಗದಗಳು ಉರ್ದುವಿನಲ್ಲಿದ್ದವು. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಕನ್ನಡ ಬಂತು. ಹಳೆ ಕಾಗದ ಓದಿಸಲು ಇವತ್ತಿಗೂ ಉರ್ದು ಬಲ್ಲ ಹಿರಿಯರನ್ನು ಹುಡುಕಬೇಕು. 2000ದ ಆಸುಪಾಸಿನಲ್ಲಿ ಭೂಮಿ ಯೋಜನೆ ಬಂದು ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ತಾಲೂಕಿನಲ್ಲಿ ಕೇಂದ್ರ ತೆರೆದ ಮೇಲೆ ಕೈಬರಹದ ಪಹಣಿ ಕೊಡುವುದನ್ನೇ ಸರ್ಕಾರ ನಿಷೇಧಿಸಿತು. ಆಗ 15 ರೂಪಾಯಿ ಕೊಟ್ಟರೆ ಅಚ್ಚಾದ ಪ್ರತಿ ಸಿಗುತ್ತಿತ್ತು. ಆ ಆದೇಶದಲ್ಲಿ ಗಡಸುತನ ಇತ್ತು, ಆದರೆ ಹಳೆಯದು ನಡೆಯುವುದಿಲ್ಲ ಎಂದು ಊರಿಗೆಲ್ಲ ಗೊತ್ತಾಯಿತು. ಡೆಬಿಯನ್ ಯಾರಿಗೂ ಆದೇಶ ಕೊಡುವಂತಿಲ್ಲ. ಬಿಡುಗಡೆಯ ಟಿಪ್ಪಣಿಯಲ್ಲಿ ಬರೆದರು, ಅದನ್ನು ಓದಿದವರಿಗೆ ಗೊತ್ತಾಯಿತು.

ಇನ್ನೊಂದು ಮಾತು. ಫ್ರೀಬಿಎಸ್‌ಡಿ, ಓಪನ್‌ಬಿಎಸ್‌ಡಿಗಳಲ್ಲಿ ಇಫ್‌ಕಾನ್ಫಿಗ್ ಇಂದಿಗೂ ಗಟ್ಟಿಯಾಗಿದೆ. ಅಲ್ಲಿ ಕರ್ನಲ್ ಮತ್ತು ಕಮಾಂಡು ಎರಡನ್ನೂ ಒಂದೇ ತಂಡ ನೋಡಿಕೊಳ್ಳುತ್ತದೆ, ಕರ್ನಲ್ ಬದಲಾದಂತೆ ಕಮಾಂಡೂ ಬದಲಾಯಿತು. ಲಿನಕ್ಸಿನಲ್ಲಿ ಎರಡು ಬೇರೆ ಬೇರೆ ಕೈಗಳಲ್ಲಿದ್ದವು. ಹಾಗಾಗಿ ಹಳೆಯದಾಯಿತು ಎನ್ನುವುದಕ್ಕಿಂತ ನೋಡಿಕೊಳ್ಳುವವರಿಲ್ಲದೆ ಹಿಂದೆ ಬಿತ್ತು ಅನ್ನುವುದೇ ಸರಿ.

ಹುಡುಗನ ಕಂಪ್ಯೂಟರಿಗೆ ಬರೋಣ. ಅಂಗಡಿಯಲ್ಲಿ ನಾವು 'ಐಪಿ' ಎಂದು ಟೈಪ್ ಮಾಡಿ, ಜಾಗ ಬಿಟ್ಟು 'ಎ' ಒತ್ತಿಸಿದೆವು. ಬಾಗಿಲು ಇತ್ತು, ಹೆಸರು ಬೇರೆ ಇತ್ತು. ನೋಟ್ಸಿನಲ್ಲಿದ್ದದ್ದು 'ಇಟಿಎಚ್ 0', ಪರದೆಯ ಮೇಲೆ ಬಂದದ್ದು 'ಇಎನ್‌ಪಿ 2 ಎಸ್ 0'. ಇದೂ ಅದೇ ಕಾಲದ ಬದಲಾವಣೆ. ಹಿಂದೆ ಮೊದಲು ಕಂಡ ಕಾರ್ಡಿಗೆ ಸೊನ್ನೆ, ಮುಂದಿನದಕ್ಕೆ ಒಂದು ಎಂದು ನಂಬರು ಕೊಡುತ್ತಿದ್ದರು, ಎರಡು ಕಾರ್ಡುಗಳಿದ್ದರೆ ಒಮ್ಮೊಮ್ಮೆ ಅದಲುಬದಲಾಗುತ್ತಿತ್ತು. 2013ರಿಂದ ಕಾರ್ಡು ಕೂತ ಜಾಗದ ಮೇಲೆ ಹೆಸರಿಡುವ ಪದ್ಧತಿ ಬಂತು. ಡೆಬಿಯನ್ 9ರಲ್ಲಿ ಅದೂ ಸೇರಿತು. ಹುಡುಗ ಸೆಟ್ಟಿಂಗ್ ಫೈಲಿನಲ್ಲಿ ಹಳೆ ಹೆಸರು ಬರೆದಿದ್ದ. ಅದನ್ನು ತಿದ್ದಿದ ಮೇಲೆ ನೆಟ್ ಬಂತು. ಏನನ್ನೂ ಅಳಿಸಲಿಲ್ಲ.

ಬಸ್ಸಿಗೆ ಇನ್ನೂ ಹೊತ್ತಿತ್ತು. ಅಣ್ಣನ ನೋಟ್ಸಿನಲ್ಲಿ ಆ ಪುಟ ತೆಗೆದು ಪೆನ್ನಿನಿಂದ ಅಂಚಿನಲ್ಲಿ ಬರೆದುಕೊಂಡ. ಇಫ್‌ಕಾನ್ಫಿಗ್ ಬದಲು ಐಪಿ ಎ. ರೂಟ್ ಬದಲು ಐಪಿ ಆರ್. ಆರ್ಪ್ ಬದಲು ಐಪಿ ಎನ್. ನೆಟ್‌ಸ್ಟಾಟ್ ಬದಲು ಎಸ್‌ಎಸ್. ಹಳೆ ಸಾಲುಗಳನ್ನು ಹೊಡೆದು ಹಾಕಲಿಲ್ಲ, ಹಾಗೇ ಬಿಟ್ಟ.