ಕಾವಲಿನ ಬಳಕೆ ಮತ್ತು ಸರ್ಕಾರಿ ನಕ್ಷೆ: ಚಳ್ಳಕೆರೆ–ಮೊಳಕಾಲ್ಮೂರು ಸೀಮೆಯಲ್ಲಿ ಭೌಗೋಳಿಕ ಮಾಹಿತಿ ವ್ಯವಸ್ಥೆ

ಭೌಗೋಳಿಕ ಮಾಹಿತಿ ವ್ಯವಸ್ಥೆ, ಅಂದರೆ ಜಿಐಎಸ್, ಊರಿನ ಯೋಜನೆಗೆ ಎಷ್ಟು ನೆರವಾಗುತ್ತದೆ ಎಂಬುದು ಉಪಗ್ರಹ ಚಿತ್ರದ ಸ್ಪಷ್ಟತೆಗಿಂತ ಹೆಚ್ಚಾಗಿ ನಕ್ಷೆಯಲ್ಲಿ ಯಾವ ಪದರಗಳನ್ನು ಸೇರಿಸಿದ್ದೇವೆ ಎಂಬುದನ್ನು ಅವಲಂಬಿಸಿದೆ ಎಂಬುದು ಈ ಲೇಖನದ ವಾದ. ಚಿತ್ರದುರ್ಗ ಜಿಲ್ಲೆಯ ಬಯಲು ಸೀಮೆಯಲ್ಲೇ ಇದಕ್ಕೆ ಎರಡು ಪುರಾವೆಗಳಿವೆ. ವಿಶ್ವಬ್ಯಾಂಕ್ ನೆರವಿನಿಂದ 2001ರಲ್ಲಿ ಐದು ಜಿಲ್ಲೆಗಳಲ್ಲಿ ಆರಂಭವಾದ ಸುಜಲ ಜಲಾನಯನ ಯೋಜನೆಯಲ್ಲಿ ಚಿತ್ರದುರ್ಗವೂ ಸೇರಿತ್ತು. ಅಲ್ಲಿ ಉಪಗ್ರಹ ಚಿತ್ರ, ಸರ್ವೆ ನಂಬರುಗಳ ಗಡಿ ಮತ್ತು ಹಳ್ಳಿಯವರು ಹೇಳಿದ ಮಾಹಿತಿ ಒಂದೆಡೆ ಕೂಡಿದವು. ಬದು, ಕೃಷಿಹೊಂಡ, ಚೆಕ್ ಡ್ಯಾಂ ಎಲ್ಲಿ ಬೇಕೆಂಬುದನ್ನು ಜಲಾನಯನ ಸಂಘದ ಸಭೆಯಲ್ಲಿ ಚರ್ಚಿಸುವುದು ಯೋಜನೆಯ ಕ್ರಮವಾಗಿತ್ತು. ಮಳೆಯನ್ನೇ ನಂಬಿ ಶೇಂಗಾ ಬಿತ್ತುವ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳಿಗೆ ಅಂಥ ನಕ್ಷೆ ನಿಜಕ್ಕೂ ಒದಗುವ ಸಾಧನ.

ಎರಡನೆಯ ಪುರಾವೆ ನೋವಿನದು. ಮೈಸೂರು ಅರಸರ ಕಾಲದಿಂದ ಅಮೃತಮಹಲ್ ರಾಸುಗಳಿಗೆ ಮೀಸಲಾಗಿದ್ದ ಚಳ್ಳಕೆರೆಯ ಕಾವಲು ಎಂಬ ಹುಲ್ಲುಗಾವಲುಗಳಲ್ಲಿ ಡಿಆರ್‌ಡಿಒಗೆ 4,290 ಎಕರೆ, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,810, ಭಾರತೀಯ ವಿಜ್ಞಾನ ಸಂಸ್ಥೆಗೆ 1,500, ಇಸ್ರೋಗೆ 573 ಎಕರೆ ಮಂಜೂರಾಯಿತು. ಖುದಾಪುರ, ದೊಡ್ಡ ಉಳ್ಳಾರ್ತಿ, ವರವು ಕಾವಲಿನ ಆಸುಪಾಸಿನವರಿಗೆ ಅದು ಕುರಿ-ದನ ಮೇಯುವ ನೆಲ, ಕಂಬಳಿ ನೇಕಾರರಿಗೆ ಉಣ್ಣೆಯ ಮೂಲ, ಕೃಷ್ಣಮೃಗಗಳಿಗೆ ನೆಲೆ. ದಾಖಲೆಯಲ್ಲಿ ಮಾತ್ರ ಅದು ಸರ್ಕಾರಿ ಜಮೀನು. ಹುಲ್ಲುಗಾವಲು ಮತ್ತು ಕುರುಚಲನ್ನು ಪಾಳುಭೂಮಿಯ ಲೆಕ್ಕಕ್ಕೆ ಸೇರಿಸುವ ನಮ್ಮ ವರ್ಗೀಕರಣ ಪದ್ಧತಿಯೂ ಅದೇ ನೋಟದ್ದು. ಈ ಮಂಜೂರಾತಿಯ ವಿವಾದ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋಗಿ, 2014ರ ಆಗಸ್ಟ್‌ನಲ್ಲಿ ತೀರ್ಪು ಬಂತು. ಆ ಹೊತ್ತಿಗೆ ಗೋಡೆಗಳು ಎದ್ದಿದ್ದವು.

ಉಪಗ್ರಹ ಚಿತ್ರ ನಿಷ್ಪಕ್ಷಪಾತ, ಊರಿನವರ ಮಾತಿಗೆ ಸ್ವಹಿತ ಅಂಟಿರುತ್ತದೆ ಎಂಬ ಆಕ್ಷೇಪವಿದೆ. ಆದರೆ ಏಪ್ರಿಲ್‌ನಲ್ಲಿ ಬೋಳಾಗಿ ಕಾಣುವ ಕಾವಲು ಮಳೆ ಬಿದ್ದ ಮೇಲೆ ಅಕ್ಟೋಬರಿನಲ್ಲಿ ಹಸಿರಾಗಿರುತ್ತದೆ. ಯಾವ ತಿಂಗಳ ಚಿತ್ರವನ್ನು ಆರಿಸುತ್ತೇವೆ ಎಂಬುದರಲ್ಲೇ ಒಂದು ತೀರ್ಮಾನ ಅಡಗಿದೆ. ಮೇವಿನ ಹಕ್ಕು, ಮ್ಯಾಸಬೇಡ ಸಮುದಾಯದ ದೇವರ ಎತ್ತುಗಳನ್ನು ಅವನ್ನು ಕಾಯುವ ಕಿಲಾರಿಗಳು ಹೊಡೆದುಕೊಂಡು ಹೋಗುವ ದಾರಿ, ಬೇಸಿಗೆಯಲ್ಲಿ ಬತ್ತದ ಗುಂಡಿ, ಇವು ಚಿತ್ರವೊಂದರಿಂದಲೇ ತಿಳಿಯುವುದಿಲ್ಲ. ಕೇಳಿಯೇ ದಾಖಲಿಸಬೇಕು, ನಡೆದೇ ತಾಳೆ ನೋಡಬೇಕು. ನಿಂತಲ್ಲೇ ಸರ್ವೆ ನಂಬರು ತೋರಿಸುವ ದಿಶಾಂಕ್ ಆ್ಯಪ್ ದೊಡ್ಡ ಅನುಕೂಲವೇ ಸರಿ. ಆದರೆ ಸರ್ವೆ ನಂಬರು ಬಳಕೆಯ ಚರಿತ್ರೆಯನ್ನು ಹೇಳದು. ಸೇವೆಗಳ ಮಾತೂ ಇಷ್ಟೇ. ಕಂದಾಯ ಗ್ರಾಮವೆಂದು ದಾಖಲಾಗದ ಗೊಲ್ಲರಹಟ್ಟಿಯನ್ನು ಮೂಲಗ್ರಾಮದ ಒಂದೇ ಚುಕ್ಕಿಯೊಳಗೆ ಸೇರಿಸಿಬಿಟ್ಟರೆ, ಅಂಗನವಾಡಿಗೆ ಅಲ್ಲಿನ ಮಗು ನಡೆಯುವ ದೂರ ಲೆಕ್ಕಕ್ಕೇ ಬರುವುದಿಲ್ಲ.

ಇದಕ್ಕಿಂತ ಗಂಭೀರವಾದ ಆಕ್ಷೇಪ ಇನ್ನೊಂದಿದೆ: ಹಿಗ್ಗುವ, ಕುಗ್ಗುವ ಬಳಕೆಯನ್ನು ಗೆರೆಯೊಳಗೆ ಕಟ್ಟಿದರೆ ಅದೇ ಹೊಸ ಬೇಲಿಯಾಗದೇ? ಆ ಅಪಾಯ ನಿಜ. ಹಾಗಾಗಿ ಬಳಕೆಯ ಪದರವನ್ನು ಒಡೆತನದ ಗಡಿಯಾಗಿ ಅಲ್ಲ, ತಿಂಗಳುವಾರು ಬಳಕೆಯ ಹರವಾಗಿ ಗುರುತಿಸಬೇಕು. 2006ರ ಅರಣ್ಯ ಹಕ್ಕು ಕಾಯ್ದೆ ಅಲೆಮಾರಿ ಪಶುಪಾಲಕರ ಋತುಮಾನದ ಬಳಕೆಯನ್ನೂ ಹಕ್ಕೆಂದು ಒಪ್ಪಿದೆ. ಋತುವನ್ನು ದಾಖಲಿಸುವುದು ಕಾನೂನಿಗೆ ಅಪರಿಚಿತವಲ್ಲ. ಸಾರ್ವಜನಿಕ ಜಮೀನು ಮಂಜೂರು ಮಾಡುವ ಮುನ್ನ ಆ ಪದರವನ್ನು ಗ್ರಾಮಸಭೆಯಲ್ಲಿ ತೆರೆದು ತೋರಿಸಿ, ಬಂದ ತಿದ್ದುಪಡಿಗಳನ್ನು ದಿನಾಂಕ ಸಹಿತ ಅದೇ ನಕ್ಷೆಯಲ್ಲಿ ಸೇರಿಸುವುದನ್ನು ಕಡ್ಡಾಯ ಮಾಡಬೇಕು.